ಎಷ್ಟು ಜನ, ಯಾರು ಯಾರು

ಮೇಡಂ ತೀರಿಕೊಂಡ ಸುದ್ದಿ ಬಂದಾಗ ನಾನು ತೋವಿನಕೆರೆಯ ತವರುಮನೆಯಲ್ಲಿ ಅತ್ತಿಗೆಯ ಜೊತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದೆ. ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, "ನಮ್ಮ ಮೇಡಂ ಹೋಗ್ಬುಟ್ರಂತೆ ಕಣಮ್ಮ, ಮಧುಗಿರೀಲೇ ಮಣ್ಣು ಮಾಡ್ತಾರಂತೆ" ಎಂದರು. ಕೈ ತೊಳೆದುಕೊಂಡು ಸಿಕ್ಕ ಬಸ್ ಹತ್ತಿದೆ. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ತಂಗಿ ಅಂಗಳದ ಚಾಪೆಯ ಮೇಲೆ ಕೂತಿದ್ದವರು ನನ್ನನ್ನು ಪಕ್ಕಕ್ಕೆ ಕರೆದು, "ನೀವು ಅಕ್ಕನ ಜೊತೆ ಕೆಲ್ಸ ಮಾಡ್ದೋರಲ್ವಾ? ಆಫೀಸಲ್ಲಿ ಅಕ್ಕ ಹೆಂಗಿದ್ಲು?" ಎಂದು ಕೇಳಿದರು. ಮನೆಯಲ್ಲಿ ಗೊತ್ತಿಲ್ಲದ ಅಕ್ಕ ಒಬ್ಬಳು ಆಫೀಸಿನಲ್ಲಿ ಇದ್ದಿರಬಹುದು ಎಂಬ ಆಸೆ ಅವರ ಮುಖದಲ್ಲಿತ್ತು.

"ಒಳ್ಳೇರು" ಎಂದೆ. ಅಷ್ಟು ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತು ನನಗೇ ಸರಿಬರಲಿಲ್ಲ. ಒಳ್ಳೆಯವರೇ, ನಿಜ. ಆದರೆ ಮೇಡಂ ಎಂದ ಕೂಡಲೇ ನನಗೆ ನೆನಪಾಗುವುದು ಒಳ್ಳೆಯತನವಲ್ಲ. ಕನ್ನಡಕ ತೆಗೆದು, ಸೆರಗಿನ ತುದಿಯಿಂದ ಒರೆಸುತ್ತಾ, ಎದುರಿಗಿದ್ದವರನ್ನು ಬರಿಗಣ್ಣಿನಲ್ಲಿ ನೋಡುತ್ತಾ, "ನಂಗೆ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಎನ್ನುವ ಅವರ ಮುಖ.

ನಮ್ಮದು ಕಡಲೆಕಾಯಿ ಕಂಪನಿ. ಮಧುಗಿರಿಯಲ್ಲಿ ಮುಖ್ಯ ಕಚೇರಿ ಮತ್ತು ಎಣ್ಣೆ ಗಿರಣಿ, ಸಿರಾದಲ್ಲಿ ಕಾಯಿ ಸುಲಿಯುವ ಮಿಲ್ಲು, ಪಾವಗಡದಲ್ಲಿ ಖರೀದಿ ಕೇಂದ್ರ, ಕೊರಟಗೆರೆಯಲ್ಲಿ ಗೋಡೌನು. ಮೇಡಂ ಆಡಳಿತ ವಿಭಾಗದ ಮ್ಯಾನೇಜರು. ನಾನು ಅವರ ಕೈಕೆಳಗೆ ಸಿಬ್ಬಂದಿಯ ವ್ಯವಹಾರ ನೋಡಿಕೊಳ್ಳುತ್ತಿದ್ದೆ. ಅವರದು ಮಧುಗಿರಿ ಪೇಟೆಯಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದ ಲಿಂಗಾಯತರ ಮನೆ. ಹಣೆಯ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಅರ್ಧ ಅಳಿಸಿಹೋಗಿರುತ್ತಿತ್ತು. ಏನೋ ಅರ್ಥವಾಗದಾಗ ಹಣೆ ತಿಕ್ಕಿಕೊಳ್ಳುವುದು ಅವರ ಅಭ್ಯಾಸ, ಅರ್ಥವಾಗದ್ದು ದಿನವೂ ಸಾಕಷ್ಟು ಇರುತ್ತಿತ್ತು.

ಅವರ 'ಗೊತ್ತಾಗ್ಲಿಲ್ಲ' ಒಂದು ಜಾಣತನ, ಎದುರಿನವರ ಬಾಯಿಂದ ವಿಷಯ ಹೊರಡಿಸುವ ಉಪಾಯ ಎಂದು ಕೆಲವರು ಹೇಳುತ್ತಿದ್ದರು. ಅದು ಸುಳ್ಳು. ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಎಡ ಯಾವುದು ಬಲ ಯಾವುದು ಎಂಬುದೇ ಥಟ್ಟನೆ ಹೊಳೆಯುತ್ತಿರಲಿಲ್ಲ. ಕಾರಿನಲ್ಲಿ ಡ್ರೈವರು ದಾರಿ ಕೇಳಿದರೆ, ತುತ್ತು ಕಲಸುವವರ ಹಾಗೆ ಬೆರಳು ಕೂಡಿಸಿ ನೋಡಿಕೊಂಡು, ಆಮೇಲೆ "ಬಲಕ್ಕೆ" ಎನ್ನುತ್ತಿದ್ದರು. ಒಮ್ಮೆ ಸಿರಾದ ಸೂಪರ್‌ವೈಸರನ್ನು ಪಾವಗಡಕ್ಕೂ ಪಾವಗಡದವನನ್ನು ಸಿರಾಕ್ಕೂ ಕಳಿಸಿಬಿಟ್ಟರು, ಇಬ್ಬರೂ ಕೊರಟಗೆರೆಗೆ ಹೋಗಬೇಕಿತ್ತು. ಆ ಇಬ್ಬರು ಮಧುಗಿರಿ ಬಸ್ ಸ್ಟಾಂಡಿನಲ್ಲಿ ಎದುರುಬದುರು ಸಿಕ್ಕಿ, ಕಾಫಿ ಕುಡಿದು, ಅಲ್ಲಿಂದಲೇ ಫೋನ್ ಮಾಡಿದರು. ಮೇಡಂ ತಮ್ಮ ತಪ್ಪಿಗೆ ನಾಚಿಕೊಳ್ಳಲೂ ಇಲ್ಲ, ಮುಚ್ಚಿಡಲೂ ಇಲ್ಲ. "ಹಂಗಾದ್ರೆ ಈಗ ಇಬ್ರೂ ಎಲ್ಲಿದೀರಿ?" ಎಂದಷ್ಟೇ ಕೇಳಿದರು.

ಇಂಥವರಿಗೆ ಒಂದು ದಿನ ಎಂ.ಡಿ.ಯವರು ರೆಕಾರ್ಡ್ಸ್ ಕಮಿಟಿ ಕಟ್ಟುವ ಕೆಲಸ ಒಪ್ಪಿಸಿದರು.

ಕಾರಣ ಇತ್ತು. ಹೊರದೇಶಕ್ಕೆ ಕಡಲೆಬೀಜ ಕಳಿಸುವ ಮಾತುಕತೆ ನಡೆದಿತ್ತು. ತಪಾಸಣೆಗೆ ಬಂದವರು ಕೊರಟಗೆರೆ ಗೋಡೌನಿನ ಹಿಂಬದಿಯ ಕೋಣೆಯನ್ನು ತೆಗೆಸಿ ನೋಡಿ ಬೆಚ್ಚಿಬಿದ್ದರಂತೆ. ಎಂ.ಡಿ.ಯವರ ತಂದೆಯ ಕಾಲದಿಂದ ಯಾರೂ ಎಸೆಯದ ಕಾಗದವೆಲ್ಲ ಅಲ್ಲಿತ್ತು. ತೂಕದ ಚೀಟಿ, ಲಾರಿ ಬಾಡಿಗೆಯ ರಸೀದಿ, ಬಿಟ್ಟುಹೋದ, ಸತ್ತುಹೋದ ಕೆಲಸಗಾರರ ಫೈಲು, ಇಲಿ, ಇಲಿಮರಿ. ಯಾವ ಕಾಗದ ಇಡಬೇಕು, ಯಾವುದು ಎಸೆಯಬೇಕು ಎಂದು ತೀರ್ಮಾನಿಸಲು ಒಂದು ಸಮಿತಿ ಬೇಕೇಬೇಕು ಎಂದು ಅವರು ಬರೆದುಕೊಟ್ಟು ಹೋದರು.

ಬೆಂಗಳೂರಿನಿಂದ ಬಂದ ಸಲಹೆಗಾರ ಚಿಕ್ಕ ವಯಸ್ಸಿನವನು, ಮಾತು ಚುರುಕು. "ಐದು ಜನ ಸಾಕು ಮೇಡಂ. ಲೆಕ್ಕಪತ್ರದಿಂದ ಒಬ್ರು, ಕಾನೂನಿಂದ ಒಬ್ರು, ಕಂಪ್ಯೂಟರ್ ವಿಭಾಗ, ಸಿಬ್ಬಂದಿ ವಿಭಾಗ, ಆಮೇಲೆ ನೀವು" ಎಂದ.

"ಐದೇ ಯಾಕೆ?"

"ಬೆಸ ಸಂಖ್ಯೆ ಇರ್ಬೇಕು. ವೋಟಿಗೆ ಹಾಕ್ದಾಗ ಸಮ ಆಗ್ಬಾರ್ದು."

ಮೇಡಂ ಕನ್ನಡಕ ತೆಗೆದರು. "ಕಾಗದ ಎಸ್ಯಕ್ಕೆ ವೋಟ್ ಹಾಕ್ತಾರಾ?"

ಆತ ಇನ್ನೊಮ್ಮೆ ವಿವರಿಸಿದ. ಆಮೇಲೆ ಮತ್ತೊಮ್ಮೆ. ಮೂರನೆಯ ಸಲ ಹೇಳುವಾಗ ಐದು ಹೋಗಿ ಏಳಾಗಿತ್ತು. "ಏಳಾದ್ರೂ ಆಗುತ್ತೆ ಮೇಡಂ, ಕಂಪನಿಗೆ ತಕ್ಕ ಹಂಗೆ" ಎಂದು ಹೇಳಿ ತುಮಕೂರಿನ ಬಸ್ ಹಿಡಿದ.

ಆವತ್ತು ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚುತ್ತಾ ಮೇಡಂ ನನಗೆ ತಮ್ಮ ಅತ್ತೆಯ ಟ್ರಂಕಿನ ಕಥೆ ಹೇಳಿದರು. ಅತ್ತೆ ಹೋದ ಮೇಲೆ ಅವರ ಟ್ರಂಕನ್ನು ಖಾಲಿ ಮಾಡಲು ಮನೆಮಂದಿಯೆಲ್ಲ ಕೂತರಂತೆ. ಒಂದೊಂದು ಸೀರೆಗೂ ಒಂದೊಂದು ನೆನಪು, ಒಂದೊಂದು ಅಳು. ಸಂಜೆಗೆ ಎಲ್ಲವನ್ನೂ ಮಡಿಸಿ ಅದೇ ಟ್ರಂಕಿಗೆ ವಾಪಸು ತುಂಬಿದರಂತೆ. "ಆಮೇಲೊಂದಿನ ಮನೇಲಿ ನಾನೊಬ್ಳೇ ಇದ್ದೆ. ಎಲ್ಲಾ ತೆಗ್ದು ಕೊಟ್ಬುಟ್ಟೆ. ಅರ್ಧ ಗಂಟೆ ಕೆಲ್ಸ ಕಣಮ್ಮ. ನಾದಿನಿ ಇವತ್ತಿಗೂ ನನ್ನ ಮಾತಾಡ್ಸಲ್ಲ." ಸ್ವಲ್ಪ ಹೊತ್ತು ರಾಗಿರೊಟ್ಟಿ ಮುರಿಯುತ್ತಾ ಕೂತು, "ಎಲ್ರೂ ಇದ್ರೆ ಏನೂ ಆಗಲ್ಲ. ಒಬ್ರೇ ಇದ್ರೆ ಆಗಬಾರದ್ದೇ ಆಗುತ್ತೆ. ಹಂಗಾದ್ರೆ ಎಷ್ಟು ಜನ ಇರ್ಬೇಕು, ನೀನೇ ಹೇಳು" ಎಂದರು. ನಾನು ಉಪ್ಪಿನಕಾಯಿ ಬಡಿಸಿದೆ.

ಒಬ್ಬೊಬ್ಬರನ್ನೂ ಕೇಳಿಯೇ ನೋಡೋಣ ಎಂದು ಮೇಡಂ ನನ್ನನ್ನೂ ಕರೆದುಕೊಂಡು ನಾಲ್ಕೂ ಊರು ಸುತ್ತಿದರು. ಅದೇ ತಪ್ಪಾಯಿತು. ಕೇಳುವವರೆಗೆ ಯಾರಿಗೂ ಬೇಡವಾಗಿದ್ದ ಕಮಿಟಿ, ಕೇಳಿದ ಮೇಲೆ ಎಲ್ಲರಿಗೂ ಬೇಕಾಯಿತು. ಸಿರಾ ಮಿಲ್ಲಿನ ಮ್ಯಾನೇಜರು, ಎಂದೂ ದನಿ ಏರಿಸದ ಸಾಹೇಬರು, ಚಹಾ ಕೊಟ್ಟು, "ಮೇಡಂ, ಇದು ಇಜ್ಜತ್ತಿನ ಪ್ರಶ್ನೆ. ಮಧುಗಿರಿಯೋರು ಇದ್ದು ನಮ್ಮೋರು ಇಲ್ಲ ಅಂದ್ರೆ ಮಿಲ್ಲಲ್ಲಿ ನಾನು ಹೆಂಗ್ ಮುಖ ತೋರಿಸ್ಲಿ?" ಎಂದರು. ಪಟ್ಟಿಗೆ ಅವರದು ಒಂದು ಹೆಸರು ಸೇರಿತು, ಅವರ ಸಹಾಯಕರದು ಇನ್ನೊಂದು. ಪಾವಗಡದ ಖರೀದಿ ಕೇಂದ್ರದವರು ಬಾಗಿಲಲ್ಲೇ ಹಿಡಿದುಕೊಂಡು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು. "ಏಂ ಮೇಡಂ, ಮಾ ಪಾವಗಡಕ್ಕೆ ಒಂದು ಸೀಟೂ ಲೇದಾ? ಕಾಯಿ ಬೇಕಾದ್ರೆ ನಾವು, ಕಮಿಟಿಗೆ ಮಾತ್ರ ಬ್ಯಾಡವಾ?" ಕೊರಟಗೆರೆಯ ಗೋಡೌನು ನೋಡಿಕೊಳ್ಳುವವರು, ಕಾಗದ ಇರುವುದೇ ತಮ್ಮಲ್ಲಿ, ಅಧ್ಯಕ್ಷತೆಯೇ ತಮಗೆ ಬರಬೇಕು ಎಂದರು.

ಮೊದಲ ಸಭೆಗೆ ಹದಿನೇಳು ಜನ ಬಂದರು. ಕುರ್ಚಿ ಸಾಲದೆ ಕ್ಯಾಂಟೀನಿನಿಂದ ಬೆಂಚು ತರಿಸಿದೆವು. ಯಾರು ಎಲ್ಲಿ ಕೂರಬೇಕು ಎಂಬುದು ಬಗೆಹರಿಯುವಷ್ಟರಲ್ಲಿ ಬೋಂಡ ಬಂತು. ಲಾರಿ ಬಾಡಿಗೆಯ ರಸೀದಿ ಎಸೆಯಬಹುದೇ ಎಂಬ ಒಂದೇ ಪ್ರಶ್ನೆ ಎತ್ತಿಕೊಂಡರು. ಎಸೆಯಬಹುದು ಎಂದು ಸಿರಾದವರು ಅಂದದ್ದಕ್ಕೇ ಎಸೆಯಬಾರದು ಎಂದು ಕೊರಟಗೆರೆಯವರು ಹಟ ಹಿಡಿದರು. ಒಬ್ಬರು ತಮ್ಮ ಬಡ್ತಿಯ ವಿಷಯ ತೆಗೆದರು. ಮೇಡಂ ಮೇಜಿನ ತುದಿಯಲ್ಲಿ ಕೂತು ಪ್ರತಿಯೊಬ್ಬರಿಗೂ, "ನಂಗೆ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದರು, ಅವರೂ ಇನ್ನೊಂದು ಸಲ ಹೇಳುತ್ತಿದ್ದರು. ರಸೀದಿಗಳು ಇದ್ದಲ್ಲೇ ಉಳಿದವು.

ಸಭೆಯ ಸುದ್ದಿ ಕೇಳಿ ಎಂ.ಡಿ.ಯವರು ರೇಗಿದರು. ಮೂರೇ ಜನ ಸಾಕು ಎಂದು ತಾವೇ ಬರೆದುಕೊಟ್ಟರು. ಲೆಕ್ಕಪತ್ರದ ಮುಖ್ಯಸ್ಥರು, ಕಂಪನಿಯ ವಕೀಲರು, ಮೇಡಂ. ಕಮಿಟಿಗೆ ಬರೆಯುವ ಕೆಲಸ ನನ್ನದು.

ಮೂವರ ಕಮಿಟಿ ಚೆನ್ನಾಗಿ ಓಡಿತು. ಲೆಕ್ಕಪತ್ರದವರು ಅವಧಿ ಮುಗಿದಿದೆ ಎನ್ನುವರು, ವಕೀಲರು ಅಡ್ಡಿಯಿಲ್ಲ ಎನ್ನುವರು, ಮೇಡಂ ಸಹಿ ಹಾಕುವರು. ಸತ್ತುಹೋದ ಕೆಲಸಗಾರರ ಹಳೆಯ ಫೈಲುಗಳು ಮೊದಲ ಕಂತಿನಲ್ಲೇ ಹೊರಟವು. ಕಾಗದ ಅರೆಯುವ ಕಾರ್ಖಾನೆಯ ಲಾರಿ ಬಂದು ತುಂಬಿಕೊಂಡು ಹೋಯಿತು. ಎಂ.ಡಿ.ಯವರು ಮೇಡಂಗೆ ಫೋನಿನಲ್ಲಿ ಶಭಾಷ್ ಹೇಳಿದರು.

ಆ ಮೇಲೆ ಕೆಲವು ವಾರಕ್ಕೆ ಸಿರಾ ಮಿಲ್ಲಿನಿಂದ ಒಬ್ಬಳು ಹೆಂಗಸು ಮಧುಗಿರಿಗೆ ಬಂದಳು. ಬೀಜ ಆರಿಸುವ ವಿಭಾಗದವಳು, ಐವತ್ತರ ಆಸುಪಾಸು, ಊರು ಬುಕ್ಕಾಪಟ್ಟಣದ ಕಡೆ. ಅವಳ ಗಂಡ ಅದೇ ಮಿಲ್ಲಿನಲ್ಲಿ ಹಮಾಲಿಯಾಗಿದ್ದವನು, ಮಕ್ಕಳು ಚಿಕ್ಕವರಿದ್ದಾಗಲೇ ಜ್ವರ ಬಂದು ತೀರಿಕೊಂಡಿದ್ದ. ಈಗ ಮಗಳಿಗೆ ಮದುವೆ ಗೊತ್ತಾಗಿತ್ತು.

"ಮದ್ವೆಗೆ ಮುಂಚೆ ಹಿರೇರಿಗೆ ಎಡೆ ಇಕ್ಬೇಕಲ್ಲಮ್ಮ" ಎಂದಳು. "ಮನೇಲಿ ಅವ್ರುದು ಒಂದು ಪಟನೂ ಇಲ್ಲ. ಕೆಲ್ಸಕ್ಕೆ ಸೇರ್ವಾಗ ಅರ್ಜಿಗೆ ಒಂದು ಪಟ ಅಂಟ್ಸಿದ್ರು, ನಾನೇ ಕಂಡಿದೀನಿ. ಸಿರಾದಾಗೆ ಸ್ಟುಡಿಯೋಗೆ ಹೋಗಿ ತೆಗ್ಸಿದ್ದು. ಅದ್ನ ಕೊಟ್ರೆ ದೊಡ್ದು ಮಾಡುಸ್ಕಂಡು ನಿಮ್ಗೆ ವಾಪಸ್ ತಂದ್ಕೊಡ್ತೀನಿ."

ನಾನು ಮೇಡಂ ಕಡೆ ನೋಡಿದೆ. ಹುಡುಕಿ ನೋಡ್ತೀವಿ, ಆಮೇಲೆ ಬಾ ಎಂದು ಕಳಿಸಬಹುದಿತ್ತು. ಬೇರೆ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಮೇಡಂ ಅವಳಿಗೆ ಕುರ್ಚಿ ತೋರಿಸಿದರು. "ಅದು ಇಲ್ಲ ಕಣಮ್ಮ. ಹೋದ ತಿಂಗ್ಳು ಎಸೆದ್ಬುಟ್ವಿ. ನಾನೇ ಸಹಿ ಹಾಕಿದ್ದು" ಎಂದರು.

ಅವಳು ಅಳಲಿಲ್ಲ. ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದಳು. "ಎಷ್ಟು ಜನ ಸೇರ್ಕಂಡು ಎಸುದ್ರಿ?"

"ಮೂವರು."

"ಆ ಮೂವರಾಗೆ ಯಾರಾನ ನಮ್ಮೆಜಮಾನ್ರುನ್ನ ಕಂಡಿದ್ರಾ?"

ಮೇಡಂ ಹಣೆ ತಿಕ್ಕಿಕೊಂಡರು. ವಿಭೂತಿ ಪೂರ್ತಿ ಅಳಿಸಿಹೋಯಿತು. "ಇಲ್ಲಮ್ಮ" ಎಂದರು. ಅವಳು ತಲೆಯಾಡಿಸಿ, ಚೀಲ ಎತ್ತಿಕೊಂಡು ಹೊರಟುಹೋದಳು.

ಮಾರನೆಯ ದಿನ ಮೇಡಂ ಎಂ.ಡಿ.ಯವರ ಕೋಣೆಗೆ ಹೋಗಿ, ಕೆಲಸಗಾರರ ಫೈಲು ನೋಡುವ ಕಮಿಟಿಗೆ ಆ ಹೆಂಗಸನ್ನೂ ಸೇರಿಸಬೇಕು ಎಂದರು. ನಾನು ಬಾಗಿಲ ಬಳಿ ನಿಂತಿದ್ದೆ.

"ಬೀಜ ಆರಿಸೋಳನ್ನ? ಮೇಡಂ, ಅದು ಗೋಪ್ಯವಾದ ವಿಷಯ."

"ಯಾರಿಂದ ಗೋಪ್ಯ, ಸರ್?"

"ಹೊರಗಿನವರಿಂದ."

"ಅವಳು ಒಳಗಿನವಳೇ ಅಲ್ವಾ? ಅಲ್ಲಿರೋದೆಲ್ಲಾ ಅವಳ ಜೊತೆ ಕೆಲ್ಸ ಮಾಡ್ದೋರ ಫೈಲು. ನಂಗೆ ಗೊತ್ತಾಗ್ಲಿಲ್ಲ ಸರ್, ಇನ್ನೊಂದ್ಸಲ ಹೇಳಿ."

ಎಂ.ಡಿ.ಯವರು ಇನ್ನೊಂದು ಸಲ ಹೇಳಿದರು. ಮತ್ತೂ ಒಂದು ಸಲ. ಕೊನೆಗೆ, "ನಾಲ್ಕು ಸಮ ಸಂಖ್ಯೆ ಆಗುತ್ತಲ್ಲ, ಎರಡೆರಡು ವೋಟಾದ್ರೆ ಏನ್ ಮಾಡ್ತೀರಿ?" ಎಂದು ಕೇಳಿದರು.

"ಸಮ ಆದ್ರೆ ಕಾಗದ ಉಳ್ಕಂತದೆ ಸರ್. ಅಷ್ಟೇ."

ಅವರು ಸೋತು ಸಹಿ ಹಾಕಿದರು. ಆ ದಿನ ಮೇಡಂ ನಡೆಯುವ ರೀತಿಯೇ ಬೇರೆಯಾಗಿತ್ತು. ಉತ್ತರ ಸಿಕ್ಕಿದವರ ನಡಿಗೆ ಅದು. ಇನ್ನು ಯಾವ ಫೈಲಿಗೂ ತಾನು ಒಬ್ಬಳೇ ಕಾವಲು ಕೂರಬೇಕಿಲ್ಲ, ಇನ್ನೊಂದು ವೋಟು ಸದಾ ತನ್ನ ಕಡೆ ಇರುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಕೊರಟಗೆರೆ ಗೋಡೌನಿನ ಜಗಲಿಯಲ್ಲೇ ಸಭೆ ಸೇರಿತು. ಆ ಹೆಂಗಸು ಇಸ್ತ್ರಿ ಸೀರೆ ಉಟ್ಟು ಬಂದಿದ್ದಳು. ಕುರ್ಚಿಯ ತುದಿಯಲ್ಲಿ ಕೂತಳು. ನಾನು ಕೆಲಸ ಬಿಟ್ಟುಹೋದವರ ಫೈಲುಗಳ ಮೊದಲ ಕಟ್ಟು ಬಿಚ್ಚಿ ಒಂದೊಂದಾಗಿ ತೋರಿಸಿದೆ. ಅವಳು ಫೋಟೋ ನೋಡಿ, ಹೆಸರು ಕೇಳಿ, ಸುಮ್ಮನಾಗುತ್ತಿದ್ದಳು. ಲೆಕ್ಕಪತ್ರದವರು ಎಸೆಯಬಹುದು ಎಂದರು. ವಕೀಲರೂ ಎಸೆಯಬಹುದು ಎಂದರು. ಮೇಡಂ, ಇಡೋಣ ಎಂದು ಹೇಳಿ ಅವಳ ಕಡೆ ತಿರುಗಿದರು.

"ಎಸೀರಿ" ಎಂದಳು ಅವಳು.

ಮೇಡಂಗೆ ಕೇಳಿಸಲಿಲ್ಲವೇನೋ ಎಂದು ನಾನು ಇನ್ನೊಮ್ಮೆ ಕೇಳಿದೆ.

"ಎಲ್ಲಾ ಎಸೆದ್ಬುಡಿ. ಯಾಕ್ ಇಟ್ಕಂಡಿದೀರ ಇವುನ್ನ?"

ಲೆಕ್ಕಪತ್ರದವರು ನಗು ತಡೆಯಲು ಕೆಮ್ಮಿದರು. ಮೂರಕ್ಕೆ ಒಂದು. ಮೇಡಂ ಎಂ.ಡಿ.ಯವರ ಜೊತೆ ವಾದಿಸಿ ಕರೆತಂದ ನಾಲ್ಕನೆಯವಳೇ ಅವರನ್ನು ಸೋಲಿಸಿದ್ದಳು. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು, ಒರೆಸಲಿಲ್ಲ. "ಯಾಕಮ್ಮ?" ಎಂದರು.

"ಇವ್ರ ಮನೇರು ಯಾರಾನ ಕೇಳ್ಕಂಡು ಬಂದವ್ರಾ?"

"ಇಲ್ಲ."

"ಮತ್ತಿನ್ನೇನು" ಎಂದಳು. ಯಾರನ್ನೂ ನೋಡದೆ ಇನ್ನೊಂದು ಮಾತು ಸೇರಿಸಿದಳು. "ನಂದು ಹೋಗ್ಲಿಲ್ವಾ."

ಅದು ಸೇಡೋ, ಬೇಸರವೋ, ಅಥವಾ ನಮಗೆ ತಿಳಿಯದ ಯಾವುದಾದರೂ ನ್ಯಾಯವೋ, ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ತಾವೇ ಒಪ್ಪಿದ ವೋಟಿನ ನಿಯಮವನ್ನು ಮುರಿಯುವ ಹಾಗಿರಲಿಲ್ಲ. ಕೊನೆಗೆ, "ಎಸ್ಯಾನ. ಆದ್ರೆ ಫೋಟೋ ಕಿತ್ಕಂಡು ಎಸ್ಯಾನ" ಎಂದರು.

"ಫೋಟೋ ಕಿತ್ರೆ ರೆಕಾರ್ಡ್ ತಿದ್ದಿದಂಗಾಗಲ್ವಾ?" ಎಂದು ಲೆಕ್ಕಪತ್ರದವರು ಕೇಳಿದರು.

"ಎಸೆಯೋ ರೆಕಾರ್ಡ್ ತಿದ್ದಿದ್ರೆ ಏನಾಗುತ್ತೆ?" ಎಂದು ಮೇಡಂ ವಕೀಲರನ್ನು ಕೇಳಿದರು. ವಕೀಲರು ಕಣ್ಣು ಮಿಟುಕಿಸಿ, ನೋಡಬೇಕು ಎಂದರು. ಅವರು ನೋಡಿ ಹೇಳುವಷ್ಟರಲ್ಲಿ ನಾವು ಬ್ಲೇಡು ತಗೊಂಡು ಫೋಟೋಗಳನ್ನು ಬಿಡಿಸತೊಡಗಿದ್ದೆವು.

ಆ ಫೋಟೋಗಳನ್ನು ಸಿರಾ ಮಿಲ್ಲಿನ ಅಂಗಳದಲ್ಲಿ ಸಂತೆಯ ದಿನ ತಾಡಪಾಲು ಹಾಸಿ ಹರಡಿದೆವು. ಗಾಳಿಗೆ ಹಾರದಂತೆ ಮೇಡಂ ಒಂದೊಂದರ ಮೇಲೂ ಒಂದೊಂದು ಕಡಲೆಕಾಯಿ ಇಟ್ಟರು. ಕಾಯಿ ಸಮೇತ ಫೋಟೋ ಹಾರಿತು. ಆಮೇಲೆ ಜಲ್ಲಿಕಲ್ಲು ಇಟ್ಟೆವು. ಜನ ಬರುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ಬಂದರು. ಸಂತೆಯ ಚೀಲ ಹಿಡಿದುಕೊಂಡೇ ಬಗ್ಗಿ ಬಗ್ಗಿ ನೋಡಿದರು. "ಲೇ, ನೋಡ್ಲಾ ಇಲ್ಲಿ, ನಿಮ್ಮಪ್ಪ ಕಣ್ಲಾ, ತಲೆ ತುಂಬ ಕೂದ್ಲೈತೆ" ಎಂದು ಒಬ್ಬ ಮುದುಕ ತನ್ನದೇ ಫೋಟೋವನ್ನು ಮಗನಿಗೆ ತೋರಿಸಿದ. ಕೆಲವರು ತಗೊಂಡು ಹೋದರು, ಕೆಲವರು ನಕ್ಕು ಅಲ್ಲೇ ಇಟ್ಟು ಹೋದರು. ಬಹಳಷ್ಟು ಮುಖಗಳನ್ನು ಯಾರೂ ಕೇಳಲಿಲ್ಲ.

ಕೆಲಸ ಬಿಡುವ ಹೊತ್ತಿಗೆ ಅವಳು ಬಂದಳು. ಸೀರೆಗೆ ಅಂಟಿದ ಕಡಲೆ ಸಿಪ್ಪೆ ಕೊಡವಿಕೊಂಡು, ತಾಡಪಾಲಿನ ಸುತ್ತ ನಿಧಾನವಾಗಿ ನಡೆದಳು. ಒಂದು ಕಡೆ ಕುಕ್ಕರುಗಾಲಿನಲ್ಲಿ ಕೂತು ಒಂದು ಫೋಟೋ ಎತ್ತಿಕೊಂಡಳು. ಸಣ್ಣ ಮೀಸೆ, ಎತ್ತಿ ಬಾಚಿದ ಕೂದಲು, ಹೆದರಿದ ಕಣ್ಣು. ಆ ಕಾಲದ ಎಲ್ಲ ಅರ್ಜಿಗಳಲ್ಲೂ ಇರುವಂಥ ಒಂದು ಮುಖ.

"ಇವ್ರು ಯಾರು?" ಎಂದು ಮೇಡಂ ಕೇಳಿದರು.

"ಗೊತ್ತಿಲ್ಲ ಕಣಮ್ಮ." ಅವಳು ಅದನ್ನು ಬೆಳಕಿಗೆ ಹಿಡಿದಳು. "ನಮ್ಮೆಜಮಾನ್ರ ತರನೇ ಅವ್ರೆ. ಅಂಗೇ ಅಂತಲ್ಲ. ಇಲ್ಲಿ, ಈ ಕಿವಿತಾವ." ಆಮೇಲೆ ತಗ್ಗಿದ ದನಿಯಲ್ಲಿ, "ಯಾರೂ ಕೇಳ್ಕಂಡು ಬರ್ದಿದ್ರೆ ನಾನು ತಗಂಡೋಗ್ಲಾ?" ಎಂದಳು.

ಮೇಡಂ ನನ್ನ ಕಡೆ ನೋಡಿದರು. ಕೊಡಬಹುದೇ? ಅದು ಬೇರೆಯವರ ಗಂಡನೋ ಅಪ್ಪನೋ. ಬದುಕಿದ್ದಾನೋ ಏನೋ, ಅದೂ ಗೊತ್ತಿಲ್ಲ. ಇದಕ್ಕೂ ಕಮಿಟಿ ಕರೆಯಬೇಕೇ? ಅವರ ತಲೆಯಲ್ಲಿ ಓಡುತ್ತಿದ್ದುದು ನನಗೆ ಕಾಣಿಸುತ್ತಿತ್ತು. "ನೀನೇನಂತೀಯ?" ಎಂದರು ನನಗೆ. ನಾನು ಹಾರಲಿದ್ದ ಇನ್ನೊಂದು ಫೋಟೋದ ಮೇಲೆ ಕಲ್ಲು ಇಟ್ಟೆ.

"ನಂಗೂ ಗೊತ್ತಾಗ್ತಿಲ್ಲ ಕಣಮ್ಮ" ಎಂದು ಅವಳಿಗೆ ಹೇಳಿದರು. "ತಗಂಡೋಗು."

ಆ ಕಮಿಟಿ ಮುಂದೆ ಎರಡು ವರ್ಷ ನಡೆಯಿತು. ಒಂದೊಂದು ಕಟ್ಟು ಬಿಚ್ಚಿದಾಗಲೂ ಆ ಕಾಗದದಲ್ಲಿರುವವರನ್ನು ಕಂಡವರು ಒಬ್ಬರಾದರೂ ಕೂರಬೇಕು ಎಂದು ಮೇಡಂ ಹಟ ಹಿಡಿದರು. ಆದ್ದರಿಂದ ಸದಸ್ಯರ ಸಂಖ್ಯೆ ಒಂದೊಂದು ಸಭೆಗೂ ಒಂದೊಂದಾಗಿ, ಬರೆದುಕೊಳ್ಳುವ ನನಗೇ ಗೊಂದಲವಾಗುತ್ತಿತ್ತು. ಆ ಹೆಂಗಸು ಪ್ರತಿ ಸಲವೂ ಎಸೆಯಿರಿ ಎಂದಳು. ಮೇಡಂ ಪ್ರತಿ ಸಲವೂ ಅವಳನ್ನೇ ಕರೆದರು. ಅವಳನ್ನು ಯಾಕೆ ಬಿಡುವುದಿಲ್ಲ ಎಂದು ನಾನೊಮ್ಮೆ ಕೇಳಿದಾಗ, "ಅವಳು ಯಾಕೆ ಎಸೀರಿ ಅಂತಾಳೋ ಅದು ಗೊತ್ತಾಗೋವರ್ಗೂ ಇರ್ಲಿ" ಎಂದರು. ಗೊತ್ತಾಯಿತೋ ಇಲ್ಲವೋ. ಮೇಡಂ ನಿವೃತ್ತರಾದ ಮೇಲೆ ಕಾಗದವೆಲ್ಲ ಕಂಪ್ಯೂಟರಿಗೆ ಹೋಯಿತು, ಕಮಿಟಿಯನ್ನು ಯಾರೂ ಕರೆಯಲಿಲ್ಲ.

ಮೇಡಂ ಹೇಗಿದ್ದರು ಎಂದು ಅವರ ತಂಗಿ ಮತ್ತೊಮ್ಮೆ ಕೇಳಿದರೆ ನಾನು ಆ ಹೆಂಗಸಿನ ಮಗಳ ಮದುವೆಯ ದಿನವನ್ನು ಹೇಳುತ್ತೇನೆ.

ಬುಕ್ಕಾಪಟ್ಟಣದ ಆಚೆ ಒಂದು ಸಣ್ಣ ಊರು, ಸುತ್ತ ಕುರುಚಲು ಕಾಡು. ನಾವಿಬ್ಬರೂ ಬಸ್ಸಿಳಿದು ನಡೆದು ಹೋದೆವು. ಮನೆಯ ನಡುಗೋಡೆಗೆ ಫೋಟೋ ಹಾಕಿದ್ದರು. ಸಿರಾದ ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿ, ಬಣ್ಣ ಕೊಟ್ಟು, ಕಂಪ್ಯೂಟರಿನಲ್ಲಿ ಕರಿ ಕೋಟೊಂದನ್ನು ತೊಡಿಸಿದ್ದ. ಕುಂಕುಮ, ಚೆಂಡುಹೂವಿನ ಹಾರ, ಎದುರಿಗೆ ಎಡೆ. ಆ ಮನೆಯವನಲ್ಲದ ಒಬ್ಬ ಮನುಷ್ಯ ಅಲ್ಲಿ ಮನೆಯ ಯಜಮಾನನಾಗಿ ನೇತಾಡುತ್ತಿದ್ದ.

ಸತ್ತವನ ತಮ್ಮ, ಧಾರೆ ಎರೆದುಕೊಡಬೇಕಾದವನು, ಹೊಸ ಪಂಚೆ ಉಟ್ಟು ಅದರ ಮುಂದೆ ನಿಂತಿದ್ದ. ಅವನು ಬಹಳ ಹೊತ್ತು ನೋಡಿದ. ನೋಡಿ, ಟವಲಿನಿಂದ ಕಣ್ಣೊರೆಸಿಕೊಂಡು, "ನಮ್ಮಣ್ಣ ಇಂಗೇ ಇದ್ದ" ಎಂದ. "ಎಲ್ಲಿತ್ತತ್ಗೆ ಇದು ಇಷ್ಟು ದಿನ?"

"ಕಂಪನೀಲಿತ್ತು" ಎಂದಳು ಅವಳು. "ಇವ್ರು ಉಳ್ಸಿಟ್ಟಿದ್ರು."

ಎಲ್ಲರೂ ಮೇಡಂ ಕಡೆ ತಿರುಗಿದರು. ಮೇಡಂ ಬಾಯಿ ತೆರೆದರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಅದನ್ನು ಕಲಿಯಲು ಬೇಕಾದ ಚುರುಕು ಅವರಲ್ಲಿ ಇರಲಿಲ್ಲ. ಈಗ ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಅವರು ಬಾಯಿ ಮುಚ್ಚಿ, ಚಪ್ಪಲಿ ಕಳಚಿ, ಒಳಗೆ ಬಂದರು.

ಅವಳು ತಟ್ಟೆಯಿಂದ ಒಂದು ಸೇವಂತಿಗೆ ಎತ್ತಿ ಅವರ ಕೈಗೆ ಕೊಟ್ಟಳು. "ನೀವೂ ಒಂದು ಹೂವ ಇಕ್ಕಿ."

ಮೇಡಂ ಹೂವು ಹಿಡಿದು ಫೋಟೋದ ಮುಂದೆ ನಿಂತರು. ಆಮೇಲೆ ಅವಳ ಕಿವಿಯ ಬಳಿ ಬಗ್ಗಿ, ಅವಳಿಗೂ ನನಗೂ ಮಾತ್ರ ಕೇಳಿಸುವಂತೆ, "ಏನು ಹೆಸ್ರು ಅಂತ ನೆನ್ಸ್ಕಂಡು ಇಡ್ಲಮ್ಮ?" ಎಂದು ಕೇಳಿದರು.

ಅವಳ ವಯಸ್ಸಿನ ಹೆಂಗಸರು ಆ ಕಡೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವಳು ಒಮ್ಮೆ ಮೈದುನನ ಕಡೆ ನೋಡಿದಳು, ಒಮ್ಮೆ ಫೋಟೋದ ಕಡೆ. ಆಮೇಲೆ ಗಂಡನ ಹೆಸರನ್ನು ಸ್ಪಷ್ಟವಾಗಿ, ಮನೆಯಲ್ಲಿದ್ದವರಿಗೆಲ್ಲ ಕೇಳಿಸುವಂತೆ ಹೇಳಿದಳು.

ಮೇಡಂ ಆ ಹೆಸರನ್ನು ತಾವೂ ಒಮ್ಮೆ ಹೇಳಿಕೊಂಡು ಹೂವಿಟ್ಟರು.